ದಿನಕ್ಕೆ ಒಂದೂವರೆ ಲೀಟರ್

29 ಜುಲೈ 2024, ಸೋಮವಾರ
ತೂಕ 51.2

ಬರೆಯಿರಿ ಎಂದಿದ್ದಾರೆ, ಬರೆಯುತ್ತಿದ್ದೇನೆ. ಬೆಂಗಳೂರಿನ ಆಸ್ಪತ್ರೆಯಿಂದ ಬಿಡುವ ದಿನ ಕನ್ನಡಕದ ಸಿಸ್ಟರ್ ಒಬ್ಬಳು ಈ ಪುಸ್ತಕವನ್ನು ಕೈಗಿಟ್ಟು, "ದಿನಾ ಬೆಳಿಗ್ಗೆ ತಿಂಡಿಗೆ ಮುಂಚೆ ತೂಕ ನೋಡಿ ಬರೀರಿ ಮೇಡಂ. ಮೂರು ದಿನದಲ್ಲಿ ಎರಡು ಕೆಜಿ ಜಾಸ್ತಿ ಆದ್ರೆ ಮೈಯಲ್ಲಿ ನೀರು ತುಂಬ್ತಿದೆ ಅಂತ ಅರ್ಥ. ತಕ್ಷಣ ಫೋನ್ ಮಾಡಿ" ಎಂದಳು. ತೂಕ ಬರೆಯಲು ಅರ್ಧ ಸಾಲು ಸಾಕು. ಉಳಿದ ಪುಟದಲ್ಲಿ ನನ್ನ ಸಿಟ್ಟು ಬರೆಯುತ್ತೇನೆ. ಮನೆಯಲ್ಲಿ ಸ್ವಲ್ಪ ದನಿ ಎತ್ತಿದರೂ ಗಂಡ, ಅತ್ತೆ ಇಬ್ಬರೂ ಓಡಿಬಂದು ನನ್ನ ಕೈ ನಾಡಿ ಹಿಡಿಯುತ್ತಾರೆ.

ಹದಿನಾರು ವರ್ಷದಿಂದ ಹೈಸ್ಕೂಲಿನಲ್ಲಿ ಪಿ.ಟಿ. ಮೇಡಂ ನಾನು. ಶಿಡ್ಲಘಟ್ಟ ತಾಲ್ಲೂಕಿನಲ್ಲಿ ಹೆಣ್ಣುಮಕ್ಕಳ ಖೋಖೋ ಅಂದರೆ ಕಲ್ಯಾಣಿ ಮೇಡಂ ತಂಡ ಅನ್ನುತ್ತಾರೆ. ಜೂನಿನಲ್ಲಿ ಜ್ವರ ಬಂತು, ಹೋಯಿತು. ಆಮೇಲೆ ಮೆಟ್ಟಿಲು ಹತ್ತಿದರೆ ಏದುಸಿರು, ಮಲಗಿದರೆ ಕೆಮ್ಮು. ತೋರಿಸಿದ ಡಾಕ್ಟರು ಗ್ಯಾಸು ಎಂದು ಗುಲಾಬಿ ಬಣ್ಣದ ಔಷಧಿ ಕೊಟ್ಟರು. ಅದನ್ನು ಕುಡಿದುಕೊಂಡೇ ಮೈದಾನಕ್ಕೆ ಹೋದೆ. ಜುಲೈ ಎಂಟಕ್ಕೆ ಪೀಪಿ ಬಾಯಲ್ಲಿರುವಾಗಲೇ ಬಿದ್ದೆನಂತೆ. ಜ್ವರದ ವೈರಸ್ಸು ಹೃದಯದ ಸ್ನಾಯುವಿಗೇ ಉರಿಯೂತ ತಂದಿತ್ತು. ಸರಿಯಾದ ಹೃದಯ ಒಂದೊಂದು ಬಡಿತಕ್ಕೂ ತನ್ನಲ್ಲಿ ತುಂಬಿದ ರಕ್ತದಲ್ಲಿ ನೂರಕ್ಕೆ ಅರವತ್ತು ಪಾಲು ಹೊರಗೆ ತಳ್ಳುತ್ತದಂತೆ. ನನ್ನದು ಹದಿನಾರು ತಳ್ಳುತ್ತಿತ್ತು. ಹನ್ನೊಂದು ದಿನ ಐಸಿಯು. ನನಗೆ ನೆನಪಿರುವುದು ಹನಿ ಹನಿ ಬೀಳುವ ಬಾಟಲಿ ಮತ್ತು ಪಕ್ಕದ ಹಾಸಿಗೆಯ ಮುದುಕರೊಬ್ಬರು ಬೀಡಿ ಕೇಳುತ್ತಿದ್ದದ್ದು.

ಈಗ ಮನೆ. ನರಸಿಂಹಮೂರ್ತಿ ಎಂಬ ನನ್ನ ಗಂಡ ಚಿಂತಾಮಣಿಯಲ್ಲಿ ಸರ್ವೆಯರ್. ಇಪ್ಪತ್ತು ವರ್ಷ ಜನರ ಹೊಲ ಅಳೆದು ಈಗ ನನ್ನನ್ನು ಅಳೆಯಲು ಕೂತಿದ್ದಾರೆ. ದಿನಕ್ಕೆ ಒಂದೂವರೆ ಲೀಟರ್ ನೀರು, ಕಾಫಿ ಮಜ್ಜಿಗೆ ಸಾರು ಎಲ್ಲ ಸೇರಿ. ಬಾಟಲಿಯ ಮೇಲೆ ಮಾರ್ಕರ್ ಪೆನ್ನಿನಲ್ಲಿ ಗೆರೆ ಎಳೆದು ಪಕ್ಕದಲ್ಲಿ ಗಂಟೆ ಬರೆದಿದ್ದಾರೆ. ಇವತ್ತು ಹನ್ನೊಂದು ಗಂಟೆಯ ಗೆರೆಗಿಂತ ಒಂದು ಬೆರಳು ಕೆಳಗೆ ಹೋಗಿತ್ತು. "ಒತ್ತುವರಿ ಆಗಿದೆ ಕಲ್ಯಾಣಿ" ಎಂದರು. ತಮಾಷೆಯಂತೆ. ನನಗೆ ಬಾಯಾರಿಕೆಯಾಗಿತ್ತು, ನಗು ಬರಲಿಲ್ಲ.

ಅತ್ತೆ ಮುನಿಶಾಮಮ್ಮ ಉಪ್ಪಿಲ್ಲದ ಬಸ್ಸಾರು ಮಾಡಿ ತಾವೂ ಅದನ್ನೇ ತಿನ್ನುತ್ತಾರೆ. "ನೀವು ಉಪ್ಪು ಹಾಕ್ಕೊಳ್ಳಿ ಅತ್ತೆ, ನಿಮಗೇನಾಗಿದೆ?" ಎಂದರೆ "ಬೇಡ ತಲ್ಲಿ, ಒಂದ್ ಮನೇಲಿ ಎರಡು ಸಾರು ಯಾಕೆ" ಅನ್ನುತ್ತಾರೆ. ತೆಲುಗಿನಲ್ಲಿ ತಲ್ಲಿ ಅಂದರೆ ತಾಯಿ. ಮುಖ ಕಿವುಚದೆ ಮುದ್ದೆ ನುಂಗುತ್ತಾರೆ. ಅದನ್ನು ನೋಡಿದರೆ ನನಗೆ ಇನ್ನೂ ಉರಿಯುತ್ತದೆ. ಈ ಮನೆಯಲ್ಲಿ ಒಬ್ಬರಾದರೂ ರುಚಿಯಾಗಿ ಉಣ್ಣಬಾರದೆ?

3 ಆಗಸ್ಟ್
ತೂಕ 51.0

ನೋಡಲು ಬರುವವರ ಕಾಟ. ಒಬ್ಬರು ದಾಳಿಂಬೆ ತಿನ್ನು ಅನ್ನುತ್ತಾರೆ, ಇನ್ನೊಬ್ಬರು ಬೆಳ್ಳುಳ್ಳಿ ನುಂಗು ಅನ್ನುತ್ತಾರೆ. ಎದುರುಮನೆಯಾಕೆ ಬಂದು ನನ್ನನ್ನು ನೋಡಿದ ತಕ್ಷಣ ಅತ್ತು, ಕಾಫಿ ಕುಡಿದು, ಹೋಗುವಾಗ ಮತ್ತೆ ಅತ್ತಳು.

ಸಂಜೆ ಹೆಡ್‌ಮಾಸ್ಟರ್ ವೆಂಕಟರಾಯಪ್ಪನವರು ಗಣಿತದ ಮೇಷ್ಟ್ರು ಮೋಹನ್‌ಬಾಬು ಅವರನ್ನು ಕರೆದುಕೊಂಡು ಬಂದರು. ಖೋಖೋ ತಂಡ ಇನ್ನು ಮೋಹನ್‌ಬಾಬು ಅವರ ಸುಪರ್ದಿಗೆ! ಈ ಮನುಷ್ಯ ಬಿಸಿಲಿಗೆ ಬಂದದ್ದನ್ನು ನಾನು ಕಂಡಿಲ್ಲ. ಕೈಯಲ್ಲಿ ಚೌಕುಳಿ ಪುಸ್ತಕ ಬೇರೆ.

"ಮೇಡಂ, ಒಂದು ಸಂದೇಹ. ಕೂತಿರೋ ಮಕ್ಕಳು ಒಬ್ಬರು ಆ ಕಡೆ, ಒಬ್ಬರು ಈ ಕಡೆ ಮುಖ ಮಾಡಿರ್ತಾರಲ್ಲ, ಅದು ನಿಯಮಾನಾ ಇಲ್ಲ ಅಭ್ಯಾಸಾನಾ?"

ನನ್ನ ಹೃದಯ ಹದಿನಾರರಿಂದ ಹದಿನೈದಕ್ಕೆ ಇಳಿದಿರಬೇಕು.

ನಿಯಮ ಹೇಳಿಕೊಟ್ಟೆ. ಗಂಗರತ್ನಳ ಬಗ್ಗೆಯೂ ಎಚ್ಚರಿಸಿದೆ. ರೇಷ್ಮೆ ನೂಲು ತೆಗೆಯುವ ರೀಲಿಂಗ್‌ನಲ್ಲಿ ಕೆಲಸ ಮಾಡುವ ಕೋನಪ್ಪನ ಮಗಳು, ಒಂಬತ್ತನೇ ಕ್ಲಾಸು, ಕಾಲು ಜಿಂಕೆಯದು. ಆದರೆ ಎರಡು ಸುತ್ತು ಓಡಿಸಿದರೆ "ಮಿಸ್, ಆಗ್ತಿಲ್ಲ, ಸುಸ್ತು" ಎಂದು ಕೂತುಬಿಡುತ್ತಾಳೆ. "ಬರೀ ನಾಟಕ ಸರ್. ಬಿಡಬೇಡಿ, ಎಬ್ಬಿಸಿ ಓಡಿಸಿ" ಎಂದೆ. ಮೋಹನ್‌ಬಾಬು ಅದನ್ನೂ ಬರೆದುಕೊಂಡರು.

11 ಆಗಸ್ಟ್
ತೂಕ 50.8

ತಲೆಸ್ನಾನ ಮಾಡಲು ಹೋದೆ. ಮೂರನೇ ಚೊಂಬು ಎತ್ತಲಾಗಲಿಲ್ಲ. ಸೀಗೆಪುಡಿ ಕಣ್ಣಿಗೆ ಇಳಿಯುತ್ತಿದೆ, ಕೈ ಮೇಲೇಳುತ್ತಿಲ್ಲ. ಸ್ಟೂಲಿನ ಮೇಲೆ ಹಾಗೇ ಕೂತಿದ್ದೆ. ಅತ್ತೆ ಕೇಳದೆ ಒಳಗೆ ಬಂದು ನೀರು ಹೊಯ್ದರು.

ಇಷ್ಟು ಸಾಕು ಇವತ್ತು.

23 ಆಗಸ್ಟ್
ತೂಕ 51.0

ತಾಲ್ಲೂಕು ಮಟ್ಟದಲ್ಲಿ ನಮ್ಮ ಶಾಲೆ ಗೆದ್ದಿತು.

ಮೋಹನ್‌ಬಾಬು ಫೋನಿನಲ್ಲಿ ಕಿರುಚುತ್ತಿದ್ದರು. ಕಂಬದ ಹತ್ತಿರ ಹುಡುಗಿಯರು ಅಗಲವಾಗಿ ಸುತ್ತಿ ಎರಡು ಹೆಜ್ಜೆ ವ್ಯರ್ಥ ಮಾಡುತ್ತಿದ್ದರಂತೆ. ಈ ಮೇಷ್ಟ್ರು ನೆಲದ ಮೇಲೆ ಸುಣ್ಣದಲ್ಲಿ ಕೋನ ಬರೆದು ತೋರಿಸಿದರಂತೆ. "ಸಿಂಪಲ್ ಜಾಮಿಟ್ರಿ ಮೇಡಂ!"

ಹದಿನಾರು ವರ್ಷ ನಾನು ಗಂಟಲು ಹರಿದುಕೊಂಡು ಹೇಳಿದ್ದು ಅದನ್ನೇ. ನನಗೆ ಸಂತೋಷವಾಗಿದೆ. ಸಂತೋಷವಾಗಿದೆ ಎಂದು ಎರಡು ಸಲ ಬರೆದರೂ ಆಗುತ್ತಿಲ್ಲ.

ಜಿಲ್ಲಾ ಮಟ್ಟದ ಪಂದ್ಯ ಗೌರಿಬಿದನೂರಿನಲ್ಲಿ, ಸೆಪ್ಟೆಂಬರ್ 19ಕ್ಕೆ.

16 ಸೆಪ್ಟೆಂಬರ್
ತೂಕ 51.9

ಮನೆಯಲ್ಲಿ ಇವರನ್ನು ಒಪ್ಪಿಸಿ ಒಂದು ವಾರದಿಂದ ಶಾಲೆಗೆ ಹೋಗುತ್ತಿದ್ದೇನೆ. ಹೊಂಗೆ ಮರದ ಕೆಳಗೆ ಕುರ್ಚಿ ಹಾಕಿ ಕೂರಿಸುತ್ತಾರೆ. ಕೂತೇ ಹೇಳಿಕೊಡುವುದು, ಏಳಬಾರದು, ಕೂಗಬಾರದು. ಒಳ್ಳೆಯ ಷರತ್ತು.

ತಾಪತ್ರಯ ಅದಲ್ಲ, ನೀರು ಇಳಿಸುವ ಮಾತ್ರೆಯದು. ಬೆಳಿಗ್ಗೆ ನುಂಗಿದರೆ ಮಧ್ಯಾಹ್ನದವರೆಗೆ ಅರ್ಧ ಗಂಟೆಗೊಮ್ಮೆ ಎದ್ದು ಓಡಬೇಕು. ಶಾಲೆಯಲ್ಲಿ ಹೆಂಗಸರ ಶೌಚಾಲಯ ಇರುವುದು ಮೈದಾನದ ಆ ತುದಿಯಲ್ಲಿ. ಅಲ್ಲಿಗೆ ನಡೆದು ವಾಪಸು ಬರುವಷ್ಟರಲ್ಲಿ ಮತ್ತೆ ಹೋಗುವ ಹೊತ್ತು. ಹುಡುಗಿಯರೆದುರು ಎಷ್ಟು ಸಲ ಏಳುವುದು? ಅದಕ್ಕೆ ಶಾಲೆಯ ದಿನ ಆ ಒಂದು ಮಾತ್ರೆ ಬಿಡುತ್ತಿದ್ದೇನೆ. ಉಳಿದ ಐದೂ ತಗೊಳ್ಳುತ್ತೇನಲ್ಲ.

17 ಸೆಪ್ಟೆಂಬರ್
ತೂಕ 52.5

ಅಭ್ಯಾಸ ಚೆನ್ನಾಗಿ ಆಯಿತು. ಮೋಹನ್‌ಬಾಬು ಟೋಪಿ ಕೊಂಡಿದ್ದಾರೆ.

18 ಸೆಪ್ಟೆಂಬರ್
ತೂಕ 53.2

ತೂಕದ ಯಂತ್ರ ಕೆಟ್ಟಿದೆ. ಅಗ್ಗದ ಮಾಲು ತಂದರೆ ಹೀಗೇ.

ಗೌರಿಬಿದನೂರಿಗೆ ನಾನೂ ಹೋಗುತ್ತೇನೆ. ಇವರಿಗೆ ಹೇಳಿಲ್ಲ. ಹೇಳಿದರೆ ದೂರ ಅಳೆದು ಕಿಲೋಮೀಟರ್ ಲೆಕ್ಕ ಕೊಡುತ್ತಾರೆ.

19 ಸೆಪ್ಟೆಂಬರ್, ಗುರುವಾರ
ತೂಕ ನೋಡಲಿಲ್ಲ

ಹೊತ್ತು ಮುಳುಗುವ ಮುಂಚೆ ಮನೆ ಸೇರಿದೆ. ಮಲಗುವ ಮುಂಚೆ ಬರೆಯಬೇಕು.

ಬೆಳಿಗ್ಗೆ ಏಳಕ್ಕೆ ವ್ಯಾನು ಹೊರಟಿತು. ಹನ್ನೆರಡು ಹುಡುಗಿಯರು, ಮೋಹನ್‌ಬಾಬು, ನಾನು. ಚಿಕ್ಕಬಳ್ಳಾಪುರ ದಾಟುವವರೆಗೂ ಹುಡುಗಿಯರ ಗಲಾಟೆ. ಮೈದಾನದಲ್ಲಿ ಶಾಮಿಯಾನದ ಕೆಳಗೆ ನನಗೊಂದು ಕುರ್ಚಿ ಸಿಕ್ಕಿತು. ಊಟಕ್ಕೆ ಪುಳಿಯೋಗರೆ ಕೊಟ್ಟರು, ಉಪ್ಪಿನಕಾಯಿ ಸಮೇತ. ಎರಡು ತಿಂಗಳ ಮೇಲೆ ಉಪ್ಪು! ತಟ್ಟೆ ನೆಕ್ಕುವುದೊಂದು ಬಾಕಿ.

ಸೆಮಿಫೈನಲ್ ಗೆದ್ದೆವು. ಫೈನಲ್ ಬಾಗೇಪಲ್ಲಿಯವರ ಮೇಲೆ. ಕೊನೆಯ ಮೂರು ನಿಮಿಷ, ಸಮ ಆಗಲು ಒಂದು ಪಾಯಿಂಟ್ ಬೇಕು, ಬೆನ್ನಟ್ಟುತ್ತಿದ್ದವಳು ಗಂಗರತ್ನ. ಎದುರಾಳಿ ಹುಡುಗಿ ಇನ್ನೇನು ಕೈಗೆ ಸಿಕ್ಕಳು ಅನ್ನುವಾಗ ಇವಳು ಗಕ್ಕನೆ ನಿಂತಳು. ಸೊಂಟಕ್ಕೆ ಕೈ ಕೊಟ್ಟು ಬಗ್ಗಿದಳು. ಹಾಗೇ ಕೂತಳು.

ನಾನು ಎದ್ದೆ. "ಏಳೇ! ಏಳು! ನಾಟಕ ಆಡಬೇಡ!" ಎಂದು ಕಿರುಚುತ್ತ ಗೆರೆಯವರೆಗೆ ಹೋದೆ. ಹತ್ತು ಹೆಜ್ಜೆಯೂ ಇರಲಿಲ್ಲ. ಗೆರೆ ಮುಟ್ಟುವಷ್ಟರಲ್ಲಿ ನನ್ನ ಕಣ್ಣ ಮುಂದೆ ಶಾಮಿಯಾನ ವಾಲಿತು. ಕಂಬ ಹಿಡಿದು ನಿಂತೆ. ಸೋತೆವು, ಒಂದು ಪಾಯಿಂಟಿಗೆ.

ವ್ಯಾನಿನಲ್ಲಿ ಗಂಗರತ್ನ ನನ್ನ ಪಕ್ಕದ ಸೀಟಿಗೇ ಬಂದು ಕೂತಳು. "ಮಿಸ್, ನಿಮಗೂ ಹಿಂಗೇ ಆಗುತ್ತಾ? ಮೆಟ್ಟಿಲು ಹತ್ತಿದ್ರೆ ಎದೆ ಡಬಡಬ ಅನ್ನುತ್ತೆ. ಕಣ್ಣು ಕತ್ತಲೆ ಬರುತ್ತೆ" ಎಂದಳು.

"ಸುಮ್ನೆ ಕೂತ್ಕೋ" ಎಂದೆ.

20 ಸೆಪ್ಟೆಂಬರ್
ತೂಕ 54.1

ಯಂತ್ರ ಖಂಡಿತ ಕೆಟ್ಟಿದೆ. ದಿಂಬು ಎರಡು ಹಾಕಿದರೆ ಮಲಗಬಹುದು. ಚಪ್ಪಲಿ ಬಿಗಿಯಾಗಿದೆ.

25 ಸೆಪ್ಟೆಂಬರ್, ಚಿಕ್ಕಬಳ್ಳಾಪುರ, ಆಸ್ಪತ್ರೆ
ತೂಕ 50.9 (ಇಲ್ಲಿಯ ಯಂತ್ರದಲ್ಲಿ. ನಮ್ಮದು ಕೆಟ್ಟಿರಲಿಲ್ಲ.)

ಇಪ್ಪತ್ತೊಂದರ ಬೆಳಿಗ್ಗೆ ಅತ್ತೆ ಎದ್ದು ಬಂದಾಗ ನಾನು ಕುರ್ಚಿಯಲ್ಲಿ ಕೂತು ಉಸಿರಾಡುತ್ತಿದ್ದೆ. ಮಲಗಲು ಆಗಿರಲಿಲ್ಲ. ಅತ್ತೆ ನೆಲದ ಮೇಲೆ ಕೂತು ನನ್ನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಕಾಲಿನ ಗಂಟಿನ ಮೇಲೆ ಹೆಬ್ಬೆರಳು ಒತ್ತಿದರು. ಬೆರಳು ತೆಗೆದ ಮೇಲೂ ಅಲ್ಲಿ ಗುಳಿ ಹಾಗೇ ಇತ್ತು. "ಮೂರ್ತೀ, ಗಾಡಿ ಕರಿಯಪ್ಪ" ಎಂದರು ಅಷ್ಟೆ.

ಇಲ್ಲಿ ಸೂಜಿಯಲ್ಲಿ ಮದ್ದು ಕೊಟ್ಟು ಮೂರೂವರೆ ಲೀಟರ್ ನೀರು ಇಳಿಸಿದರು. ಇವರು ಮನೆಗೆ ಹೋಗಿ ಮಾತ್ರೆಯ ಹಾಳೆಗಳನ್ನು ತಂದು ಡಾಕ್ಟರ ಮುಂದೆ ಇಟ್ಟರು. ಒಂಬತ್ತು ಮಾತ್ರೆ ಹೆಚ್ಚಿಗೆ ಉಳಿದಿತ್ತು. ಡಾಕ್ಟರು ಬೈದರು. ಇವರು ಬೈಯಲಿಲ್ಲ. ಕಿಟಕಿಯ ಹತ್ತಿರ ನಿಂತು ಆ ಹಾಳೆಯ ಅಂಚನ್ನು ಬೆರಳಿನಿಂದ ನೇರ ಮಾಡುತ್ತಿದ್ದರು. ಬೈದಿದ್ದರೆ ನಾನೂ ನಾಲ್ಕು ಮಾತು ಆಡಬಹುದಿತ್ತು. ಬಾಯಿ ಬಿಡದ ಗಂಡಸಿನ ಜೊತೆ ಜಗಳವಾದರೂ ಹೇಗೆ ಆಡುವುದು?

"ಶೌಚಾಲಯ ದೂರ ಇತ್ತು ರೀ" ಎಂದೆ ಕೊನೆಗೆ.

"ಹೇಳಿದ್ರೆ ಹತ್ತಿರ ಕುರ್ಚಿ ಹಾಕಿಸ್ತಿದ್ದೆ" ಎಂದರು.

ಇದೇನು ಉತ್ತರ? ಎರಡು ದಿನದಿಂದ ಅದನ್ನೇ ಯೋಚಿಸುತ್ತಿದ್ದೇನೆ, ಸಿಟ್ಟೂ ಬರುತ್ತಿದೆ.

ಇನ್ನೊಂದು. ಗಂಗರತ್ನ ವ್ಯಾನಿನಲ್ಲಿ ಹೇಳಿದ ಮಾತು. ಜೂನಿನಲ್ಲಿ ಆ ಗ್ಯಾಸಿನ ಡಾಕ್ಟರಿಗೆ ನಾನು ಹೇಳಿದ್ದೂ ಹೆಚ್ಚುಕಡಿಮೆ ಅದೇ. ಅವರೂ ನನ್ನ ಮುಖ ನೋಡದೆ ಚೀಟಿ ಬರೆದಿದ್ದರು.

24 ಅಕ್ಟೋಬರ್, ಗುರುವಾರ
ತೂಕ 50.6

ಹೃದಯದ ಡಾಕ್ಟರು ಗುರುವಾರ ಗುರುವಾರ ಚಿಕ್ಕಬಳ್ಳಾಪುರಕ್ಕೇ ಬರುತ್ತಾರೆ. ಎಕೋ ಮಾಡಿದರು. ತಣ್ಣನೆಯ ಜೆಲ್ಲಿ ಹಚ್ಚಿ, ಪರದೆಯ ಮೇಲೆ ನನ್ನ ಹೃದಯ ತೋರಿಸಿದರು. ತೂಕಡಿಸುವವರ ಕಣ್ಣುರೆಪ್ಪೆ ಹಾಗೆ ಏಳುತ್ತದೆ, ಬೀಳುತ್ತದೆ.

ಇಪ್ಪತ್ತೆಂಟು.

"ಮೂರು ತಿಂಗಳ ಔಷಧಿ ಆದಮೇಲೂ ಮೂವತ್ತೈದರ ಕೆಳಗೇ ಇದ್ರೆ ಎದೆಯ ಚರ್ಮದ ಅಡಿ ಒಂದು ಸಣ್ಣ ಯಂತ್ರ ಇಡಬೇಕಾಗುತ್ತೆ" ಎಂದರು ಡಾಕ್ಟರು. "ಹೃದಯ ತಾಳ ತಪ್ಪಿದ್ರೆ ಅದು ಒಳಗಿಂದ ಶಾಕ್ ಕೊಟ್ಟು ಸರಿ ಮಾಡುತ್ತೆ. ಆದ್ರೆ ನಿಮ್ಮದು ಉರಿಯೂತದಿಂದ ಬಂದಿರೋದು. ಇಂಥದ್ರಲ್ಲಿ ಆರು ತಿಂಗಳಿಗೆ ಚೇತರಿಸಿಕೊಂಡೋರೂ ಇದಾರೆ. ನಡುವೆ ಮಾತ್ರೆ ಬೇರೆ ಬಿಟ್ಟಿದ್ದೀರ. ಜನವರಿ ಕಳೀಲಿ, ನೋಡೋಣ. ಒಂದು ದಿನಾನೂ ತಪ್ಪಿಸಬಾರದು."

"ಯಂತ್ರ ಇಟ್ರೆ ಮೈದಾನಕ್ಕೆ ಹೋಗಬಹುದಾ ಸರ್?"

"ಹೋಗಬಹುದು. ಆದ್ರೆ ಮೊದಲಿನ ಥರ ಓಡೋದು, ಹಾರೋದು ಕಷ್ಟ."

ಒಬ್ಬ ಪಿ.ಟಿ. ಮೇಡಂಗೆ ಅವರು ಹೇಳಿದ್ದು ಇದು, ಎಷ್ಟು ಸಲೀಸಾಗಿ! ಹೊರಗೆ ಬಂದು ಬೆಂಚಿನ ಮೇಲೆ ಕೂತೆ. ಇವರು ಎಳನೀರು ಕೊಡಿಸಲೇ ಎಂದರು. ಅದರಲ್ಲಿ ಎಷ್ಟು ಮಿಲಿ ಇರುತ್ತದೆ ಎಂದು ಯೋಚಿಸಿ, ಬೇಡ ಎಂದು ಅವರೇ ಉತ್ತರವನ್ನೂ ಹೇಳಿಕೊಂಡರು. ನಾನು ಜೋರಾಗಿ "ಒಂದು ಎಳನೀರೂ ನನ್ನ ಇಷ್ಟಕ್ಕೆ ಕುಡಿಯೋ ಹಾಗಿಲ್ಲ!" ಎಂದು ಕೂಗಿದೆ. ಎಲ್ಲರೂ ತಿರುಗಿ ನೋಡಿದರು. ಎಳನೀರಿಗಾಗಿ ಹೀಗೆ ಅಳುವವಳು ಯಾರು ಎಂದುಕೊಂಡಿರಬೇಕು.

12 ನವೆಂಬರ್
ತೂಕ 50.4

ಶಾಲೆಗೆ ಮತ್ತೆ ಹೋಗುತ್ತಿದ್ದೇನೆ, ಅರ್ಧ ದಿನ. ಕುರ್ಚಿ ಈಗ ಹೊಂಗೆ ಮರದ ಕೆಳಗಿಲ್ಲ. ಇವರು ಹೆಡ್‌ಮಾಸ್ಟರ ಹತ್ತಿರ ಏನು ಮಾತಾಡಿದರೋ, ಆ ತುದಿಯ ಗೋಡೆ ನೆರಳಿನಲ್ಲಿ, ಶೌಚಾಲಯಕ್ಕೆ ಇಪ್ಪತ್ತು ಹೆಜ್ಜೆಯಲ್ಲಿ ಹಾಕಿದ್ದಾರೆ. ಇಡೀ ಶಾಲೆಗೆ ನನ್ನ ಮಾತ್ರೆಯ ವಿಷಯ ಗೊತ್ತು. ಎದ್ದಾಗಲೆಲ್ಲ ಹುಡುಗಿಯರು ದಾರಿ ಬಿಡುತ್ತಾರೆ. ಮರ್ಯಾದೆ ಅಂದರೆ ಇನ್ನೇನು ಉಳಿದಿದೆ.

ಗಂಗರತ್ನ ಬೆಳಿಗ್ಗೆ ಅಭ್ಯಾಸಕ್ಕೆ ಬಂದು ಎರಡು ಸುತ್ತಿಗೆ ಕೂತಳು. ಹತ್ತಿರ ಕರೆದೆ. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ. ರಕ್ತ ಕಡಿಮೆಯಿದೆಯೇ ಎಂದು ಐಸಿಯುನಲ್ಲಿ ಸಿಸ್ಟರುಗಳು ಹೀಗೇ ನೋಡುತ್ತಿದ್ದರು. ಕಾಗದದ ಹಾಗೆ ಬಿಳಿ.

"ಬೆಳಿಗ್ಗೆ ಏನು ತಿಂದೆ?"

"ಟೀ, ಮಿಸ್."

"ಟೀ ಜೊತೆ?"

"ಟೀನೇ, ಮಿಸ್."

14 ನವೆಂಬರ್
ತೂಕ 50.5

ಗಂಗರತ್ನಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದೆ. ಅವಳಪ್ಪ ಕೋನಪ್ಪನಿಗೆ ಮೊದಲೇ ಫೋನು ಮಾಡಿದ್ದೆ. ಆತ ತೆಲುಗಿನಲ್ಲಿ ಅರ್ಧ, ಕನ್ನಡದಲ್ಲಿ ಅರ್ಧ ಮಾತಾಡಿ, "ಅದು ಹುಟ್ಟಿದಾಗ್ಲಿಂದ ಹಿಂಗೇ ಮೇಡಮ್ಮಾ, ಸೋಮಾರಿ" ಎಂದ. ಮೈಯೆಲ್ಲ ಉರಿಯಿತು. "ಸೋಮಾರಿ ಅಲ್ಲ ಕಣಪ್ಪ. ನೀನು ಬರ್ತೀಯೋ, ನಾನೊಬ್ಬಳೇ ಕರ್ಕೊಂಡು ಹೋಗ್ಲೋ?" ಎಂದೆ. ಬಂದ. ಕೈಯಿಂದ ರೇಷ್ಮೆಗೂಡು ಬೇಯಿಸಿದ ವಾಸನೆ ಇನ್ನೂ ಹೋಗಿರಲಿಲ್ಲ, ಕೆಲಸದ ಮಧ್ಯೆ ಎದ್ದು ಬಂದಿದ್ದ.

ಒಂದೂವರೆ ಗಂಟೆ ಸಾಲು. ರಕ್ತ ತೆಗೆಯುವವರು ಊಟಕ್ಕೆ ಹೋಗಿದ್ದರು. ಬಂದರು. ಸೂಜಿ ಇರಲಿಲ್ಲ. ಸೂಜಿ ಬಂತು. ಕರೆಂಟು ಹೋಯಿತು. ನಾನು ಕೂಗಾಡಲಿಲ್ಲ, ಕೂಗಾಡಿದರೆ ಬಿಪಿ ಏರುತ್ತದೆಂದು ಮನಸ್ಸಿನಲ್ಲೇ ಕೂಗಾಡಿದೆ.

ಹಿಮೋಗ್ಲೋಬಿನ್ ಏಳು. ಹನ್ನೆರಡು ಇರಬೇಕಿತ್ತು.

ಡಾಕ್ಟರಮ್ಮ ಕೋನಪ್ಪನಿಗೆ, "ಇಷ್ಟು ಕಡಿಮೆ ರಕ್ತ ಇಟ್ಕೊಂಡು ಈ ಹುಡುಗಿ ಜಿಲ್ಲಾ ಮಟ್ಟದ ಫೈನಲ್ ಆಡಿದ್ಲಾ?" ಎಂದು ಕೇಳಿದರು. ಕೋನಪ್ಪ ನನ್ನ ಮುಖ ನೋಡಿದ. ನಾನು ಗೋಡೆಯ ಮೇಲಿನ ಲಸಿಕೆ ಪಟ್ಟಿಯನ್ನು ಪೂರ್ತಿ ಓದಿದೆ.

ಕಬ್ಬಿಣದ ಮಾತ್ರೆ ಕೊಟ್ಟಿದ್ದಾರೆ, ಜಂತುಹುಳುವಿನ ಮಾತ್ರೆಯೂ. ಟೀ ಜೊತೆ ನುಂಗಬಾರದು. ದಿನಾ ನನ್ನ ಎದುರೇ ನುಂಗಬೇಕೆಂದು ಹೇಳಿದ್ದೇನೆ. ನನ್ನ ಹನ್ನೊಂದು ಗಂಟೆಯ ಮಾತ್ರೆಯ ಹೊತ್ತಿಗೇ.

2 ಡಿಸೆಂಬರ್
ತೂಕ 50.7

ತಂಡದ ಉಳಿದ ಹುಡುಗಿಯರ ರಕ್ತವೂ ಪರೀಕ್ಷೆಯಾಯಿತು. ಹನ್ನೆರಡರಲ್ಲಿ ಏಳು ಮಂದಿಗೆ ಕಡಿಮೆ. ಹನ್ನೊಂದು ಗಂಟೆಗೆ ಗೋಡೆಯ ಹತ್ತಿರ ಮಾತ್ರೆ ನುಂಗುವವರ ಸಾಲು ನಿಲ್ಲುತ್ತದೆ. ಮೋಹನ್‌ಬಾಬು ಅದಕ್ಕೂ ಒಂದು ಕೋಷ್ಟಕ ಮಾಡಿದ್ದಾರೆ. ಮೊದಲನೇ ಹೆಸರು ನನ್ನದು. ಬರೆಯುವ ಮುಂಚೆ ಕೇಳಬೇಡವೇ?

15 ಡಿಸೆಂಬರ್, ಭಾನುವಾರ
ತೂಕ 50.8

ಅತ್ತೆಯ ಜೊತೆ ಕೆರೆ ಏರಿಯ ಮೇಲೆ ಇಪ್ಪತ್ತೈದು ನಿಮಿಷ ನಡೆದೆ. ಜೊತೆ ಬೇಡ ಎಂದರೂ ಬರುತ್ತಾರೆ. ಎಪ್ಪತ್ತೊಂದು ವರ್ಷ, ಮೊಣಕಾಲು ನೋವು, ಕುಂಟುತ್ತ ನಡೆಯುತ್ತಾರೆ. ನಾನು ನಿಧಾನ ಮಾಡಬೇಕು. ಡಾಕ್ಟರು ಹೇಳಿದ ವೇಗಕ್ಕಿಂತ ಕಡಿಮೆ.

ಇವತ್ತು ಕಲ್ಲುಬೆಂಚಿನ ಮೇಲೆ ಕೂತಾಗ ಅವರ ಕೈ ನೋಡಿದೆ. ಮೂವತ್ತು ವರ್ಷ ಕುದಿನೀರಿನ ಬಾಣಲೆಯಲ್ಲಿ ಕೈಯದ್ದಿ ರೇಷ್ಮೆ ಎಳೆ ಹಿಡಿದ ಬೆರಳುಗಳು, ತುದಿಯಲ್ಲಿ ಗೆರೆಯೇ ಉಳಿದಿಲ್ಲ. ಆಧಾರ್ ಕಾರ್ಡಿನ ಯಂತ್ರಕ್ಕೆ ಇವರ ಹೆಬ್ಬೆಟ್ಟು ಹಿಡಿಯುವುದಿಲ್ಲ. ಆ ಹೆಬ್ಬೆಟ್ಟಿಗೆ ನನ್ನ ಕಾಲಿನ ನೀರು ಹೇಗೆ ಗೊತ್ತಾಯಿತು?

ಕೇಳಿದೆ.

"ನಿಮ್ಮ ಮಾವ ಹೋಗೋ ಮುಂಚೆ ಹಂಗೇ ಊದಿತ್ತಮ್ಮ" ಎಂದರು. "ನಾನು ತಿಂದು ದಪ್ಪ ಆಗವ್ರೆ ಅಂದ್ಕೊಂಡೆ. ಸಂತೋಷ ಪಟ್ಟೆ."

ಮದುವೆಯಾಗಿ ಹದಿನೇಳು ವರ್ಷವಾಯಿತು. ಈ ಮಾತು ಒಂದು ದಿನ ಹೇಳಿದವರಲ್ಲ. ಇಂಥದ್ದನ್ನೆಲ್ಲ ಎದೆಯಲ್ಲಿಟ್ಟುಕೊಂಡು ಉಪ್ಪಿಲ್ಲದ ಸಾರು ತಿನ್ನುತ್ತ ಕೂರುವವರ ಜೊತೆ ನಾನು ಹೇಗೆ ಏಗುವುದು? ಎದ್ದು ಬರುವಾಗ ಅವರ ಕೈ ಹಿಡಿದುಕೊಂಡೆ. ಏರಿಯ ಮೇಲೆ ಕಲ್ಲು ಜಾಸ್ತಿ.

9 ಜನವರಿ 2025
ತೂಕ 51.3

ಗಂಗರತ್ನ ಐದು ಸುತ್ತು ಓಡಿದಳು. ಆರನೆಯದಕ್ಕೆ ಹೊರಟವಳನ್ನು ನಾನೇ ನಿಲ್ಲಿಸಿದೆ. "ಆಗುತ್ತೆ ಮಿಸ್" ಎಂದು ವಾದ ಮಾಡಿದಳು. ಎದುರುತ್ತರ ಕೊಡುವುದನ್ನು ಕಲಿತಿದ್ದಾಳೆ. ರಕ್ತ ಏರಿದ ಹಾಗೆ ಬಾಯಿಯೂ ಏರಿತು.

5 ಫೆಬ್ರವರಿ
ತೂಕ 51.5

ನಾಳೆ ಎಕೋ. ಇವರು ಫೈಲಿನ ಕಾಗದಗಳನ್ನು ತಾರೀಕಿನ ಪ್ರಕಾರ ಜೋಡಿಸಿದರು, ಬಿಚ್ಚಿದರು, ಮತ್ತೆ ಜೋಡಿಸಿದರು. ಸರಬರ ಸದ್ದು. ಆ ಫೈಲನ್ನು ಕಿಟಕಿಯಿಂದ ಎಸೆಯೋಣ ಅನ್ನಿಸಿತು.

ಯಂತ್ರ ಇಡಬೇಕು ಎಂದರೆ ಇಡಿಸಿಕೊಳ್ಳುತ್ತೇನೆ. ಕೂತು ಕಲಿಸುತ್ತೇನೆ. ಮೋಹನ್‌ಬಾಬು ಓಡಲಿ, ಅವರಿಗೂ ವ್ಯಾಯಾಮ ಬೇಕು.

6 ಫೆಬ್ರವರಿ, ಗುರುವಾರ
ತೂಕ 51.4

ಐವತ್ತೊಂದು.

ಡಾಕ್ಟರು ಎರಡು ಸಲ ಅಳೆದರು. ಪರದೆಯ ಮೇಲೆ ನನಗೇ ಗೊತ್ತಾಗುತ್ತಿತ್ತು. ಅಕ್ಟೋಬರಿನಲ್ಲಿ ತೂಕಡಿಸುತ್ತಿದ್ದದ್ದು ಈಗ ಮುಷ್ಟಿ ಹಿಡಿದು ಬಿಟ್ಟ ಹಾಗೆ ಆಡುತ್ತಿದೆ. ಯಂತ್ರ ಬೇಡ. ಮಾತ್ರೆ ಮಾತ್ರ ನಿಲ್ಲಿಸುವ ಹಾಗಿಲ್ಲ, ಚೆನ್ನಾಗಿದ್ದೇನೆಂದು ಬಿಟ್ಟವರಿಗೆ ಮತ್ತೆ ಬಂದದ್ದಿದೆಯಂತೆ. ಟ್ರೆಡ್‌ಮಿಲ್ ಪರೀಕ್ಷೆಯನ್ನೂ ಇವತ್ತೇ ಮಾಡಿದರು. "ಪರವಾಗಿಲ್ಲ, ನಿಧಾನವಾಗಿ ಶುರು ಮಾಡಿ. ಪಂದ್ಯ ಗಿಂದ್ಯ ಈಗಲೇ ಬೇಡ" ಎಂದರು. "ಎಷ್ಟು ವರ್ಷ ಸರ್ ಮಾತ್ರೆ?" ಎಂದೆ. "ಈಗಲೇ ಹೇಳಕ್ಕಾಗಲ್ಲಮ್ಮ" ಎಂದರು. ಐವತ್ತೊಂದು ಬಂದರೂ ಈ ಡಾಕ್ಟರ ಬಾಯಲ್ಲಿ ಒಂದು ನೆಟ್ಟಗಿನ ಉತ್ತರ ಬರುವುದಿಲ್ಲ.

ಹೊರಗೆ ಬಂದರೆ ಇವರು ಕಾಣಿಸಲಿಲ್ಲ. ಔಷಧಿ ಅಂಗಡಿಯ ಪಕ್ಕದ ಗೋಡೆಗೆ ಮುಖ ಮಾಡಿ ನಿಂತಿದ್ದರು. ಹೆಗಲು ಅಲುಗುತ್ತಿತ್ತು. ನರಸಿಂಹಮೂರ್ತಿ ಅಳುವುದನ್ನು ನಾನು ಕಂಡಿರಲಿಲ್ಲ. ಹೇಗೆ ನಿಲ್ಲಿಸಬೇಕೆಂದೂ ಗೊತ್ತಿರಲಿಲ್ಲ.

"ಈಗ ಯಾಕ್ರೀ ಅಳೋದು? ಹದಿನಾರು ಇದ್ದಾಗ ಅಳಲಿಲ್ಲ, ಇಪ್ಪತ್ತೆಂಟು ಅಂದಾಗ ಅಳಲಿಲ್ಲ!"

"ಆಗ ಪುರುಸೊತ್ತೆಲ್ಲಿತ್ತೇ?" ಎಂದರು.

ಜನ ನೋಡುತ್ತಿದ್ದರು. ಸೆರಗಿನಿಂದ ಅವರ ಕನ್ನಡಕ ಒರೆಸಿಕೊಟ್ಟೆ. ಇನ್ನಷ್ಟು ಮಸುಕಾಯಿತು.

ಅತ್ತೆಗೆ ಫೋನು ಮಾಡಿದೆ.

"ಎಷ್ಟಂತೆ ತಲ್ಲಿ?"

"ಐವತ್ತೊಂದು ಅತ್ತೆ!"

"ನೂರಕ್ಕಾ?"

"ಹೂಂ."

ಆ ಕಡೆಯಿಂದ ಸಣ್ಣ ದನಿಯಲ್ಲಿ, "ಅರ್ಧಾನೇನಮ್ಮ ಬಂದಿರೋದು?" ಎಂದರು.

ಯಾರದೂ ನೂರು ಇರುವುದಿಲ್ಲ, ಅರವತ್ತಿದ್ದರೆ ಅದೇ ಪೂರ್ತಿ, ಐವತ್ತರ ಮೇಲಿದ್ದರೆ ಚೆನ್ನಾಗಿದೆ ಎಂದೇ ಲೆಕ್ಕ ಎಂದು ಬಸ್‌ಸ್ಟ್ಯಾಂಡಿನವರೆಗೆ ನಡೆಯುತ್ತ ವಿವರಿಸಿದೆ. ಅರ್ಥವಾಗಲಿಲ್ಲ. ಇವರು ಫೋನು ತೆಗೆದುಕೊಂಡು ಇನ್ನೊಂದು ರೀತಿಯಲ್ಲಿ ವಿವರಿಸಿ ಇನ್ನೂ ಗೊಂದಲ ಮಾಡಿದರು. ಕೊನೆಗೆ ನಾನು ಕಸಿದುಕೊಂಡು, "ಪಾಸಾದೆ ಅತ್ತೆ, ಪಾಸು!" ಎಂದು ಕೂಗಿದೆ.

"ಹಂಗನ್ನು ಮತ್ತೆ. ಅದು ಬಿಟ್ಟು ಲೆಕ್ಕ ಒಪ್ಪಿಸ್ತೀಯಲ್ಲ" ಎಂದು ಅವರೇ ನನಗೆ ಬೈದರು. ಬೈಯುತ್ತಲೇ ಮೂಗು ಸೀಟಿದ ಸದ್ದು ಕೇಳಿತು.

ಇಷ್ಟರಲ್ಲಿ ಶಿಡ್ಲಘಟ್ಟದ ಬಸ್ಸು ಹೊರಟೇಬಿಟ್ಟಿತು. ಕಂಡಕ್ಟರು ಬಾಗಿಲಲ್ಲಿ ನಿಂತು ಇನ್ನೆತ್ತಲೋ ನೋಡುತ್ತಿದ್ದಾನೆ. ಇದು ಹೋದರೆ ಮುಂದಿನದಕ್ಕೆ ಬಿಸಿಲಿನಲ್ಲಿ ಎಷ್ಟು ಹೊತ್ತು ನಿಲ್ಲಬೇಕೋ. "ಹೋಲ್ಡಾನ್! ಹೋಲ್ಡಾನ್!" ಎಂದು ಕೂಗುತ್ತ ಹೋಗಿ ಕಂಬಿ ಹಿಡಿದೆ. ಹತ್ತಿದೆ. ಇವರು ಫೈಲು ಎದೆಗವುಚಿಕೊಂಡು ಎಲ್ಲೋ ಹಿಂದೆ ಬರುತ್ತಿದ್ದರು. "ನಮ್ಮ ಯಜಮಾನ್ರು ಬರ್ತಾವ್ರೆ, ನಿಲ್ಸಪ್ಪ" ಎಂದರೆ ಕಂಡಕ್ಟರು "ಬೇಗ ಬರಕ್ಕೇಳಮ್ಮ" ಎಂದು ನನಗೇ ಗದರಿದ. ನಾನೂ ಬಿಡಲಿಲ್ಲ.

ಇವರು ಹತ್ತಿ ಪಕ್ಕದಲ್ಲಿ ಕುಸಿದರು. ಮುಖ ಕೆಂಪು, ಬಾಯಿ ತೆರೆದೇ ಇದೆ. ನನ್ನನ್ನೇ ನೋಡುತ್ತಿದ್ದರು. ಕಂಡಕ್ಟರು ನನಗೊಂದು ಸೊನ್ನೆ ಟಿಕೆಟು, ಇವರಿಗೊಂದು ದುಡ್ಡಿನ ಟಿಕೆಟು ಹರಿದುಕೊಟ್ಟು ಹೋದ. ಆಗಲೂ ನೋಡುತ್ತಲೇ ಇದ್ದರು.

"ಏನ್ರೀ ಹಂಗೆ ನೋಡ್ತೀರ?" ಎಂದೆ.

"ಕಲ್ಯಾಣಿ, ನೀನು ಓಡಿದೆ."

"ಬಸ್ಸು ಹೋಗ್ತಿತ್ತಲ್ಲ ಮತ್ತೆ" ಎಂದೆ.